ಮೇಷ್ಟ್ರು ಕೆರೆಯಲ್ಲಿದ್ದಾರೆ

ಸುತ್ತೋಲೆ ಬಂದದ್ದು ಶನಿವಾರ ರಾತ್ರಿ ಒಂಬತ್ತೂಮುಕ್ಕಾಲಿಗೆ, ವಾಟ್ಸಾಪ್ ಗ್ರೂಪಿಗೆ. ಸೋಮವಾರದಿಂದ ಐದು ದಿನ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರಿಗೆ ಭೂಪ್ರಾದೇಶಿಕ ತಂತ್ರಜ್ಞಾನ ತರಬೇತಿ. ಮಕ್ಕಳಿಗೆ ಡಿಜಿಟಲ್ ನಕ್ಷೆ, ಉಪಗ್ರಹ ಚಿತ್ರ, ಜಿಪಿಎಸ್ ಎಲ್ಲ ಕಲಿಸಬೇಕಂತೆ. ‘ಗೈರುಹಾಜರಾದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿಸಲಾಗುವುದು’ ಅನ್ನುವ ಸಾಲು ದಪ್ಪಕ್ಷರದಲ್ಲಿತ್ತು. ತರಬೇತಿ ಎಲ್ಲಿ ಅನ್ನುವುದನ್ನು ಮಾತ್ರ ಬರೆಯಲು ಮರೆತಿದ್ದರು. ಗ್ರೂಪಿನಲ್ಲಿ ‘ಸ್ಥಳ?’ ಎಂದು ಕೇಳಿದೆ. ಹದಿನೇಳು ಜನ ಕೈಮುಗಿದ ಚಿತ್ರ ಹಾಕಿದರು.

ಕೊನೆಗೆ ನಮ್ಮ ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಮೇಡಂ ಫೋನಿನಲ್ಲಿ ಹೇಳಿದರು: “ಹೋದ ಸಲ ಎಲೆಕ್ಷನ್ ಟ್ರೈನಿಂಗ್ ಆಯ್ತಲ್ಲ ಸಾರ್, ಟೊಮೆಟೊ ಮಂಡಿ ಹಿಂದೆ, ಅದೇ ಬಿಲ್ಡಿಂಗು.” ಅಕ್ಷಾಂಶ ರೇಖಾಂಶ ಏನೂ ಬೇಕಾಗಲಿಲ್ಲ. ಕೊಳೆತ ಟೊಮೆಟೊ ವಾಸನೆ ಹಿಡಿದು ನಲವತ್ತು ಜನವೂ ಹೊತ್ತಿಗೆ ಸರಿಯಾಗಿ ಬಂದು ಸೇರಿದೆವು.

ಹಾಜರಿ ಆಪ್‌ನಲ್ಲಿ. ಕೇಂದ್ರದಿಂದ 100 ಮೀಟರ್ ಒಳಗಿದ್ದರೆ ಮಾತ್ರ ಹಸಿರು ಟಿಕ್ ಬೀಳುತ್ತದೆ. ಮುಂದಿನ ಬೆಂಚಿನಲ್ಲಿ ಕೂತಿದ್ದ ನಾನು 340 ಮೀಟರ್ ದೂರದಲ್ಲಿದ್ದೇನೆ ಎಂದು ನನ್ನ ಫೋನು ಸಾಧಿಸಿತು. ಪಕ್ಕದಲ್ಲಿದ್ದ ಮೇಡಂ ರೈಲ್ವೆ ಗೇಟಿನ ಆಚೆಗಿದ್ದರು. ಯಾರೋ ಪುಣ್ಯಾತ್ಮರು ಒಂದು ಗಂಟೆ ಅಂಗಳವೆಲ್ಲ ಸುತ್ತಿ ಕಂಡುಹಿಡಿದರು: ಕಾಂಪೌಂಡಿನ ಮೂಲೆಯಲ್ಲಿ ಶೌಚಾಲಯದ ಗೋಡೆಗೆ ಒರಗಿ ನಿಂತರೆ ಟಿಕ್ ಬೀಳುತ್ತದೆ. ಅಲ್ಲಿಂದಾಚೆ ಐದೂ ದಿನ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ನಲವತ್ತು ಜನ ಫೋನು ಎತ್ತಿ ಹಿಡಿದು ಅಲ್ಲಿ ಸಾಲು ನಿಂತೆವು. ಮೇಲಿನಿಂದ ನೋಡುವ ಉಪಗ್ರಹಕ್ಕೆ, ತಾಲ್ಲೂಕಿನ ಮೇಷ್ಟ್ರುಗಳಿಗೆಲ್ಲ ಒಟ್ಟಿಗೇ ಹೊಟ್ಟೆ ಕೆಟ್ಟಿದೆ ಅನ್ನಿಸಿರಬೇಕು.

ತಮಾಷೆಯೆಂದರೆ ಒಳಗೆ ಸಂಪನ್ಮೂಲ ವ್ಯಕ್ತಿಗಳು ಅದನ್ನೇ ಪಾಠ ಮಾಡುತ್ತಿದ್ದರು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ನಾವಿರುವ ಜಾಗ ಸರಿಯಾಗಿ ಗೊತ್ತಾಗಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಗಬೇಕು, ಆರ್‌ಸಿಸಿ ಸೂರಿನ ಕೆಳಗೆ ಆ ಸಂಕೇತ ಸೊರಗುತ್ತದೆ, ಆಗ ಫೋನು ಮೊಬೈಲ್ ಟವರ್ ನಂಬಿಕೊಂಡು ಅಂದಾಜಿಗೆ ಏನೋ ಒಂದು ಹೇಳುತ್ತದೆ. “ಹಾಗಾದರೆ ನಮ್ಮ ಹಾಜರಿ?” ಎಂದೆ. “ಅದು ಬೇರೆ ಇಲಾಖೆ ಸಾರ್, ಇದು ಬರೀ ಥಿಯರಿ” ಎಂದರು.

ಅವರ ತಪ್ಪಲ್ಲ ಬಿಡಿ. ಅವರೂ ನಮ್ಮ ಹಾಗೆ ಮೇಷ್ಟ್ರೇ. ಹದಿನೈದು ದಿನದ ಹಿಂದೆ ಜಿಲ್ಲೆಯಲ್ಲಿ ಎರಡು ದಿನ ಕೂತು ಬಂದವರು. ಅವರಿಗೆ ಹೇಳಿಕೊಟ್ಟವರು ರಾಜಧಾನಿಯಲ್ಲಿ ಅರ್ಧ ದಿನ ಕೇಳಿ ಬಂದವರು. ರಾಜ್ಯ ಮಟ್ಟದ ಹಾಲು ಜಿಲ್ಲೆಗೆ ಮಜ್ಜಿಗೆಯಾಗಿ, ತಾಲ್ಲೂಕಿಗೆ ಬರುವಷ್ಟರಲ್ಲಿ ನೀರುಮಜ್ಜಿಗೆ. ನಾವು ಅದಕ್ಕೆ ಕೊತ್ತಂಬರಿ ಸೊಪ್ಪು ಹಾಕಿ ಮಕ್ಕಳಿಗೆ ಕುಡಿಸಬೇಕು.

ಎರಡನೆಯ ದಿನ ಇತಿಹಾಸ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಹಿಡಿದು ನೆಲ ಅಳೆಯಲು ಶುರುಮಾಡಿದ, ಮುಂದೆ ಹಿಮಾಲಯದವರೆಗೂ ಹೋದ ಅಳತೆ ಅದು. ಅವನ ಕೋನಮಾಪಕ, ಅದೇ ಥಿಯೊಡಲೈಟು, ಸುಮಾರು ಅರ್ಧ ಟನ್ ತೂಕ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿದು ಜಜ್ಜಿಹೋಯಿತು. ಪುಣ್ಯಾತ್ಮ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಕೂತು ತಾನೇ ರಿಪೇರಿ ಮಾಡಿದ. ಇಷ್ಟು ಹೇಳುವಷ್ಟರಲ್ಲಿ ನಮ್ಮ ಪ್ರೊಜೆಕ್ಟರ್ ಕಣ್ಣುಮುಚ್ಚಿತು. ಕೇಬಲ್ ಹೋಗಿದೆ ಎಂದರು. ಹೊಸತು ತರಬೇಕಾದರೆ ಮೂರು ಕೊಟೇಷನ್ ಬೇಕು. ಲ್ಯಾಂಬ್ಟನ್‌ಗೆ ಮೂರು ಕೊಟೇಷನ್ ಕೇಳಿದ್ದರೆ ಹಿಮಾಲಯದ ಎತ್ತರ ಇವತ್ತಿಗೂ ‘ತುಂಬಾ’ ಅಂತಲೇ ಇರುತ್ತಿತ್ತು.

ಮೂರನೆಯ ದಿನ ಇಸ್ರೋದ ಭುವನ್. 2009ರಿಂದ ಇರುವ, ಉಪಗ್ರಹ ಚಿತ್ರಗಳ ನಮ್ಮದೇ ದೇಶದ ಆನ್‌ಲೈನ್ ನಕ್ಷೆ, ಒಳ್ಳೆಯ ಕೆಲಸ, ನನಗೆ ನಿಜಕ್ಕೂ ಇಷ್ಟ. ಆದರೆ ನಲವತ್ತು ಜನಕ್ಕೆ ಒಬ್ಬರ ಫೋನಿನ ಹಾಟ್‌ಸ್ಪಾಟು. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ಉಪ್ಪಿಟ್ಟು ಕೇಸರಿಬಾತು ಬಂತು, ಇನ್ನೂ ಸುತ್ತುತ್ತಿತ್ತು. ಊಟದ ನಂತರ ಗುಂಪು ಚಟುವಟಿಕೆ. ಒಂದೊಂದು ಗುಂಪಿಗೂ ಒಂದು ಚಾರ್ಟು, ನಾಲ್ಕು ಸ್ಕೆಚ್ ಪೆನ್ನು. ಉಪಗ್ರಹದ ಚಿತ್ರ ಬರೆದು ರೆಕ್ಕೆಗೆ ನೀಲಿ ಬಣ್ಣ ತುಂಬಿದೆವು. ನಮ್ಮ ಗುಂಪಿಗೆ ಎರಡನೇ ಬಹುಮಾನ. ಮೊದಲನೆಯದು ಉಪಗ್ರಹಕ್ಕೆ ಕನ್ನಡ ಬಾವುಟ ಸಿಕ್ಕಿಸಿದವರಿಗೆ ಹೋಯಿತು.

ಹಾಗೆ ನೋಡಿದರೆ ಈ ತಂತ್ರಜ್ಞಾನ ನಮಗೆ ಹೊಸದೇನಲ್ಲ. ಮೊಟ್ಟೆ ಕೊಟ್ಟರೆ ಅಕ್ಷಾಂಶ ರೇಖಾಂಶ ಸಮೇತ ಫೋಟೊ, ಸಸಿ ನೆಟ್ಟರೆ ಫೋಟೊ, ಶೌಚಾಲಯ ತೊಳೆಸಿದರೆ ಫೋಟೊ. ನಮ್ಮ ಶಾಲೆಯ ಬಾಳೆಹಣ್ಣು ಭೂಮಿಯ ಮೇಲೆ ಎಲ್ಲಿದೆ ಅನ್ನುವುದು ಸರ್ಕಾರಕ್ಕೆ ದಶಾಂಶದ ಆರನೇ ಸ್ಥಾನದವರೆಗೆ ಗೊತ್ತು. 2025ರ ದಸರಾ ರಜೆಯಲ್ಲಂತೂ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಊರೂರು ತಿರುಗಿದೆವು. ಕರೆಂಟ್ ಮೀಟರ್ ಆಧಾರದಲ್ಲಿ ಮನೆಗಳನ್ನು ಜಿಯೋ ಟ್ಯಾಗ್ ಮಾಡಿ, ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ್ದರು. ಅಂದರೆ ಮೀಟರ್ ಇದ್ದಲ್ಲಿ ಸಂಸಾರ. ನನ್ನ ಪಟ್ಟಿಯ ಒಂದು ‘ಕುಟುಂಬ’ವನ್ನು ನಕ್ಷೆ ತೋರಿಸಿದ ದಾರಿಯಲ್ಲೇ ಹುಡುಕಿಕೊಂಡು ಹೋದರೆ ಹಿಟ್ಟಿನ ಗಿರಣಿ. ಅರವತ್ತು ಪ್ರಶ್ನೆ ಕೇಳಲೇಬೇಕಲ್ಲ, ಶುರುಮಾಡಿದೆ. ಜಾತಿ ಯಾವುದು ಎಂದದ್ದಕ್ಕೆ ಗಿರಣಿಯವನು ಮೋಟಾರಿನ ಕಡೆ ನೋಡಿ, “ಹತ್ತು ಎಚ್‌.ಪಿ. ಸಾರ್” ಎಂದ.

ತರಬೇತಿ ಮುಗಿಸಿ ಪ್ರಮಾಣಪತ್ರ ಹಿಡಿದು ಶಾಲೆಗೆ ಬಂದೆ. ಗೋಡೆಯ ಮೇಲೆ ಅದೇ ಬಟ್ಟೆಯ ಭೂಪಟ, ಕೆಳಗಿನ ಕೋಲು ಮುರಿದಿದೆ. ಅದರಲ್ಲಿ ಕರ್ನಾಟಕಕ್ಕೆ 20 ಜಿಲ್ಲೆ. ಹಾವೇರಿ, ಗದಗ ಇನ್ನೂ ಧಾರವಾಡದ ಹೊಟ್ಟೆಯೊಳಗಿವೆ, ಕೊಪ್ಪಳ ರಾಯಚೂರಿನ ಮಡಿಲಲ್ಲಿದೆ. 1997ರಲ್ಲಿ ಏಳು ಜಿಲ್ಲೆ ಹುಟ್ಟಿದವು, ಆಮೇಲೆ ನಾಲ್ಕು. ಈಗ ಒಟ್ಟು 31. ಹೊಸ ಭೂಪಟಕ್ಕೆ ನಾನು ಮೂರು ಸಲ ಬರೆದಿದ್ದೇನೆ. ಈ ನಡುವೆ ರಾಮನಗರ ಜಿಲ್ಲೆ ಹುಟ್ಟಿ, ಬೆಳೆದು, ಹೆಸರು ಬದಲಿಸಿಕೊಂಡು ಬೆಂಗಳೂರು ದಕ್ಷಿಣವೂ ಆಯಿತು. ನಮ್ಮ ಭೂಪಟಕ್ಕೆ ಆ ಬಾಣಂತನದ ಸುದ್ದಿಯೇ ತಲುಪಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ನಕ್ಷೆಗೆ ಐದು ಅಂಕ. ಪಾಸಿಂಗ್ ಪ್ಯಾಕೇಜಿನ ಪ್ರಕಾರ ಮಕ್ಕಳು ಹಾಗಲಕಾಯಿಯ ಆಕಾರದಲ್ಲಿ ಒಂದು ಭಾರತ ಬರೆದು, ನಡುವೆ ಉದ್ದಕ್ಕೆ ಗೆರೆ ಎಳೆದು 82½ ಡಿಗ್ರಿ ಎಂದು ಬರೆಯುತ್ತಾರೆ. ಆ ಗೆರೆ ಯಾಕೆ ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಅಂಕ ಬರುತ್ತದೆ.

ಆದರೂ ಐದು ದಿನ ಶೌಚಾಲಯದ ಗೋಡೆ ಕಾಯ್ದ ಋಣ ತೀರಿಸಬೇಕಲ್ಲ. ಒಂಬತ್ತನೇ ತರಗತಿಯವರನ್ನು ಅಂಗಳಕ್ಕೆ ಕರೆದು, ನನ್ನ ಫೋನಿನಲ್ಲಿ ದಿಶಾಂಕ್ ತೆರೆದೆ. ರೆವಿನ್ಯೂ ಇಲಾಖೆಯ ಆಪ್, ಹಳೆಯ ಸರ್ವೆ ನಕ್ಷೆ ಇಟ್ಟುಕೊಂಡು ನಿಂತ ನೆಲದ ಸರ್ವೆ ನಂಬರ್ ಹೇಳುತ್ತದೆ. ಮಕ್ಕಳು ಮುತ್ತಿಕೊಂಡರು. “ನಮ್ಮ ತೋಟ ತೋರ್ಸಿ ಸಾರ್”, “ನಮ್ಮ ದೊಡ್ಡಪ್ಪನ ಜಗಳದ ಬದು ಎಲ್ಲದೆ ಸಾರ್?” ಇಪ್ಪತ್ಮೂರು ವರ್ಷದ ಸರ್ವೀಸಿನಲ್ಲಿ ಭೂಗೋಳದ ಪಾಠಕ್ಕೆ ಇಷ್ಟು ನೂಕುನುಗ್ಗಲು ನೋಡಿರಲಿಲ್ಲ. ಆಮೇಲೆ ಒಬ್ಬಳು ಕೇಳಿದಳು, “ನಮ್ಮ ಶಾಲೆ?”

ಚುಕ್ಕೆ ಕೆರೆಯೊಳಗೆ ಬಿತ್ತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅದೇ 340 ಮೀಟರಿನ ಕಥೆ ಎಂದು. ಸೂರಿಲ್ಲದ ಬಟಾಬಯಲಿಗೆ ಹೋಗಿ ನಿಂತು ಮತ್ತೆ ನೋಡಿದೆವು. ಚುಕ್ಕೆ ಅಲ್ಲಾಡಲಿಲ್ಲ. ಬಿಸಿಯೂಟದ ಅಕ್ಕ ಸೌಟು ಹಿಡಿದೇ ಹೊರಗೆ ಬಂದು ಹೇಳಿದರು: “ಕೆರೇನೇ ಅಲ್ವಾ ಮೇಷ್ಟ್ರೇ. ನಾನು ಮದುವೆಯಾಗಿ ಬಂದಾಗ ಇಲ್ಲೇ ಬಟ್ಟೆ ಒಗೀತಿದ್ದೆ. ಆಮೇಲೆ ಮಣ್ಣು ತುಂಬಿಸಿ ಸ್ಕೂಲು ಕಟ್ಟಿದ್ರು. ಅದಕ್ಕೇ ಮಳೆ ಬಂದ್ರೆ ಎಂಟನೇ ಕ್ಲಾಸಿಗೆ ನೀರು ಬರೋದು.”

ಹೆಡ್‌ಮಾಸ್ಟರು ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಮೆಲ್ಲಗೆ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆಳೆದುಕೊಂಡು ಹೇಳಿದರು: “ಆ ಫೋನು ಜೇಬಿಗೆ ಹಾಕ್ಕೊಳ್ಳಿ. ಮಕ್ಕಳ ಕೈಲಿ 82½ ಡಿಗ್ರಿ ಎಳೆಸಿ.”