85 ಡಿಗ್ರಿಯ ಗಜ್ಜರಿ

ಸೂ ವೀಡ್ ಯಂತ್ರ ಮತ್ತೆ ನಿಂತಿದೆ. ತೆಪ್ಪಗೆ ನಿಂತಿದ್ದರೆ ಸಹಿಸಬಹುದಿತ್ತು. ಪಾತ್ರೆಯ ಅಂಚಿಗೆ ತಗುಲಿಕೊಂಡು, ನೀರು ಕಡಿಮೆಯಾಯಿತೆಂದು ಕೆಳಗಿನ ಮಹಡಿಯವರಿಗೂ ಕೇಳುವಂತೆ ಬೀಪ್ ಬೀಪ್ ಎಂದು ದೂರು ಹೇಳುತ್ತಿದೆ. ಒಳಗೆ ಅರೆಬೆಂದ ಗಜ್ಜರಿ, ಹೊರಗೆ ತಟ್ಟೆ ಹಾಕಿಕೊಂಡು ಕುಳಿತ ಮಂದಿ. ನಮ್ಮ ಮನೆಯವರು ಮಾತ್ರ ಮೊಬೈಲ್ ಹಿಡಿದು, ಯಂತ್ರ ನಿಂತಿದೆ ಎಂದು ಆಪ್ ಏಕೆ ತಿಳಿಸಲಿಲ್ಲವೆಂದು ಪರೀಕ್ಷಿಸುತ್ತಿದ್ದಾರೆ. ಯಂತ್ರ ಅವರ ಮೊಣಕೈಯ ಪಕ್ಕದಲ್ಲೇ ಕೂಗುತ್ತಿದೆ.

ಇದು ಸುಮಾರು ಒಂದಡಿ ಉದ್ದದ ದಪ್ಪ ಕೋಲು. ಒಳಗೊಂದು ಕಾಯಿಸುವ ಸುರುಳಿ, ಉಷ್ಣತೆ ಅಳೆಯುವ ಒಂದು ಕಡ್ಡಿ, ನೀರನ್ನು ಸುತ್ತಾಡಿಸುವ ಪುಟ್ಟ ರೆಕ್ಕೆ. ಹೇಳಿದ ಡಿಗ್ರಿಯಲ್ಲೇ ನೀರನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಪದಾರ್ಥ ಗಾಳಿ ತೆಗೆದ ಚೀಲದೊಳಗೆ ನಿಧಾನವಾಗಿ ಬೇಯುತ್ತದೆ. 1974ರಲ್ಲಿ ಫ್ರಾನ್ಸಿನ ಬಾಣಸಿಗ ಜಾರ್ಜ್ ಪ್ರಾಲ್ಯುಸ್ ಕೊಬ್ಬಿದ ಬಾತಿನ ಯಕೃತ್ತು ಕರಗಿಹೋಗದಂತೆ ಬೇಯಿಸಲು ಹಿಡಿದ ದಾರಿಯಂತೆ ಇದು. ಬೆಳ್ಳುಳ್ಳಿಯೂ ಹೊಸ್ತಿಲು ದಾಟದ ನಮ್ಮ ಅಡುಗೆಮನೆಗೆ ಇದನ್ನು ಅಮೆರಿಕದಿಂದ ತಂದುಕೊಟ್ಟವನು ನನ್ನ ಮೈದುನ.

ಅಮೆರಿಕದ ಗೋಡೆಯಲ್ಲಿ 120 ವೋಲ್ಟ್, ಪುಣೆಯ ವಾಕಡಿನ ಗೋಡೆಯಲ್ಲಿ 230. ಈ ಸಂಗತಿಯನ್ನು ಮೈದುನ ಹೇಳಲಿಲ್ಲ, ಯಂತ್ರದ ಬೆನ್ನಿನ ಚೀಟಿ ಹೇಳಿತು. ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋಗಿ ಟ್ರಾನ್ಸ್‌ಫಾರ್ಮರ್ ತಂದೆವು. ಯಂತ್ರ 1000 ವಾಟಿನದು, ಟ್ರಾನ್ಸ್‌ಫಾರ್ಮರ್ ಅದಕ್ಕಿಂತ ಹೆಚ್ಚು ತಾಳಬೇಕು. ಹಾಗಾಗಿ ಒಂದೇ ಕೈಯಲ್ಲಿ ಎತ್ತುವ ಕೋಲಿನ ಸೇವೆಗೆ, ಇಬ್ಬರು ಸೇರಿ ಎತ್ತಬೇಕಾದ ಕಬ್ಬಿಣದ ಗಡ್ಡೆಯೊಂದು ಜೋಳದ ಹಿಟ್ಟಿನ ಡಬ್ಬಿಯ ಜಾಗದಲ್ಲಿ ಕುಳಿತು ಗುಂಯ್‌ಗುಡುತ್ತಿದೆ.

ಇವನ್ನೆಲ್ಲ ಮಾಡಿದವರು ಮಾಂಸ ತಿನ್ನುವವರು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೇನು, 55ಕ್ಕೋ 60ಕ್ಕೋ ಇಟ್ಟು ಮಲಗಬಹುದು. ತರಕಾರಿ ಹಾಗೆ ಬಗ್ಗುವುದಿಲ್ಲ. ಅದನ್ನು ಗಟ್ಟಿಯಾಗಿ ಹಿಡಿದಿರುವ ಪೆಕ್ಟಿನ್ ಸಡಿಲವಾಗಲು 85 ಡಿಗ್ರಿಯಾದರೂ ಬೇಕು. ಆ ಬಿಸಿಯಲ್ಲಿ ನೀರು ಆವಿಯಾಗುವುದು ಬೇಗ, ಆವಿ ಯಂತ್ರದ ತಲೆಯೊಳಗಿನ ವಿದ್ಯುತ್ ಭಾಗಗಳಿಗೆ ನುಗ್ಗುವುದು ಬೇಗ, ಜಿಪ್ ಚೀಲದ ಅಂಚು ಮೆತ್ತಗಾಗಿ ಬಿಟ್ಟುಕೊಳ್ಳುವುದೂ ಬೇಗ. ಒಮ್ಮೆ ಚೀಲ ಬಿಚ್ಚಿ, ತುಪ್ಪ, ಜೀರಿಗೆ, ಬೆಲ್ಲ ಎಲ್ಲವೂ ರೆಕ್ಕೆಗೆ ಸುತ್ತಿಕೊಂಡವು. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದವಳು ಯಾರೆಂದು ಬೇರೆ ಹೇಳಬೇಕಿಲ್ಲ.

ಮೇಲಾಗಿ ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರಿನ ಬೋರ್‌ವೆಲ್ ನೀರು. ಕಾದಂತೆಲ್ಲ ಸುರುಳಿಯ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಯಂತ್ರವನ್ನು ಓಡಿಸಿ ತೊಳೆಯಿರಿ ಎನ್ನುತ್ತದೆ ಕೈಪಿಡಿ. ಹೀಗೆ ವಾರದಲ್ಲಿ ಒಂದು ದಿನ ನಾವು ಹುಳಿನೀರನ್ನು ಶ್ರದ್ಧೆಯಿಂದ ಬೇಯಿಸುತ್ತೇವೆ. ನೀರಿನ ಮಟ್ಟಕ್ಕೂ ಮೇಲೊಂದು ಗೆರೆ, ಕೆಳಗೊಂದು ಗೆರೆ. ದೀಪಾವಳಿಗೆ ಬಂದ ಹೊಸ ಅಳಿಯನಂತೆ, ಹೆಚ್ಚಾದರೂ ಮುನಿಸು, ಕಡಿಮೆಯಾದರೂ ಮುನಿಸು.

ಇಷ್ಟನ್ನೂ ನಿಭಾಯಿಸಬಹುದಿತ್ತು, ಮನೆಯಲ್ಲಿ ಅತ್ತೆ ಇಲ್ಲದಿದ್ದರೆ.

ನಮ್ಮ ಅತ್ತೆ ಧಾರವಾಡದವರು. ಒಂದು ಪಾತ್ರೆ ತುಂಬ ಬಿಸಿನೀರು, ಕೇಳುವವರಿಲ್ಲದೆ, ಗಂಟೆಗಟ್ಟಲೆ ಸುಮ್ಮನೆ ಸುತ್ತುತ್ತಿರುವುದನ್ನು ಅವರು ನೋಡಲಾರರು. ತುಪ್ಪದ ಗಿಂಡಿ ಜಿಡ್ಡಾಗಿದೆಯೇ, ಒಂದು ಸೌಟು. ಮೊಣಕಾಲು ನೋವೇ, ರಬ್ಬರ್ ಚೀಲಕ್ಕೆ ಒಂದು ತಂಬಿಗೆ. ಕೆಲಸದವಳ ಕೈ ಚಳಿಗೆ ಮರಗಟ್ಟಿದೆಯೇ, ಪಾಪ, ಅವಳಿಗೊಂದು ಚೊಂಬು. ನೀರು ಕೆಳಗಿನ ಗೆರೆ ದಾಟುತ್ತಲೇ ಯಂತ್ರ ಕೂಗುತ್ತದೆ. ಆಗ ಅವರು ನಲ್ಲಿಯಿಂದ ಅಷ್ಟೇ ತಣ್ಣೀರು ಹಿಡಿದು ಸುರಿಯುತ್ತಾರೆ. 85 ಇದ್ದದ್ದು 60ಕ್ಕೆ ಇಳಿಯುತ್ತದೆ. "ಅಲ್ಲವ್ವಾ, ತೆಗೆದಷ್ಟೂ ತಿರುಗಿ ಹಾಕಿದ್ದೇನಲ್ಲ!"

ಆವಿ ತಡೆಯಲು ನೀರಿನ ಮೇಲೆ ಪಿಂಗ್‌ಪಾಂಗ್ ಚೆಂಡುಗಳನ್ನು ತೇಲಿಬಿಡಬೇಕೆಂದು ಮನೆಯವರು ಎಲ್ಲೋ ಓದಿ ಬಂದರು. ಉಪಾಯ ಒಳ್ಳೆಯದೇ, ಆವಿ ನಿಜಕ್ಕೂ ಕಡಿಮೆಯಾಯಿತು. ಅತ್ತೆ ಚೆಂಡುಗಳನ್ನು ಸೌಟಿನಿಂದ ಪಕ್ಕಕ್ಕೆ ಸರಿಸಿ ನೀರು ತೆಗೆದರು. ಮುಚ್ಚಳಕ್ಕೆ ಕಿಂಡಿ ಕೊರೆಸಿ ಕೋಲು ನಿಲ್ಲಿಸಿದೆವು. ಮುಚ್ಚಳ ತೆಗೆಯಲು ಬರುತ್ತದೆಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಮನೆಯವರು ಕೈಮುಗಿದು, ಇದು ಅರ್ಧ ಡಿಗ್ರಿಯೂ ಆಚೀಚೆ ಆಗದ ಯಂತ್ರವಮ್ಮಾ ಎಂದು ವಿವರಿಸಿದರು. ಅತ್ತೆ ಗಮನವಿಟ್ಟು ಕೇಳಿ, "ಹೌದಪ್ಪಾ, ಅದಕ್ಕೇ ನೀರು ಅಷ್ಟು ಚೆನ್ನಾಗಿ ಕಾದಿರುತ್ತದೆ" ಎಂದರು.

ಧಾರವಾಡದ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆಯಿತ್ತು. ಬೆಳಗಿನ ಜಾವ ಉರಿ ಹಾಕಿದರೆ ಕೊನೆಯವರ ಸ್ನಾನದವರೆಗೂ ಬಿಸಿ. ಹುಣಸೆಹಣ್ಣು ಹಾಕಿ ಹೊರಮೈ ತಿಕ್ಕಿದರೆ ಮುಗಿಯಿತು ಅದರ ಉಪಚಾರ. ಮನೆ ಮಾರುವಾಗ ಹಂಡೆ ತೂಕದ ಲೆಕ್ಕದಲ್ಲಿ ಹೋಯಿತು. ತಕ್ಕಡಿಗೆ ಏರಿಸುವಾಗ ಅತ್ತೆ ಅಲ್ಲಿ ನಿಲ್ಲಲಿಲ್ಲ, ಹಿತ್ತಲಿಗೆ ಹೋಗಿ ಕರಿಬೇವು ಕೊಯ್ಯುತ್ತಿದ್ದರು, ಯಾರಿಗೂ ಬೇಡವಾಗಿದ್ದಷ್ಟು.

ಇರಲಿ. ಪುಣೆಯಲ್ಲಿ ಗುರುವಾರವೆಂದರೆ ದುರಸ್ತಿಗೆಂದು ಕರೆಂಟು ತೆಗೆಯುವ ದಿನ. ಮರಳಿ ಬಂದಾಗ ನಮ್ಮ ಯಂತ್ರಕ್ಕೆ ಹಿಂದಿನದೇನೂ ನೆನಪಿರುವುದಿಲ್ಲ. ಸೊನ್ನೆ ತೋರಿಸಿ ಕಣ್ಣು ಮಿಟುಕಿಸುತ್ತದೆ. ರಿಪೇರಿಗೆ ಕಂಪನಿಗೆ ಬರೆದರೆ, ನಿಮ್ಮ ದೇಶದಲ್ಲಿ ನಮ್ಮ ಸೇವೆ ಇಲ್ಲವೆಂಬ ವಿನಯಪೂರ್ವಕ ಉತ್ತರ. ಗೀಸರ್ ರಿಪೇರಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಥದೇ ರಾಡು ಪೇಠೆಯಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ ವಹಿನಿ, ಎಂದ. ನಮ್ಮ ಮನೆಯವರು ಅಂದು ಊಟ ಮಾಡಲಿಲ್ಲ. ಇನ್ನೊಂದು ಕಂಪನಿಯಂತೂ 2024ರಲ್ಲಿ, ಹೊಸ ಗ್ರಾಹಕರು ಆಪ್ ಬಳಸಲು ತಿಂಗಳ ಚಂದಾ ಕಟ್ಟಬೇಕೆಂದು ಘೋಷಿಸಿತು. ನೀರು ಕಾಯಿಸಲು ಚಂದಾ!

ನಿನ್ನೆ ಮೈದುನ ಫೋನು ಮಾಡಿದ. ಯಂತ್ರ ಹೇಗಿದೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಫೋನು ತೆಗೆದುಕೊಂಡರು. "ಬಹಳ ಚೆನ್ನಾಗಿದೆಯಪ್ಪಾ. ಇದರಲ್ಲೇ ಸ್ವಲ್ಪ ದೊಡ್ಡದು ಸಿಗುತ್ತದೇನು, ಸ್ನಾನದ ಬಕೆಟ್ಟಿಗೆ ಇಳಿಬಿಡುವಂಥದ್ದು?" ಹೋಟೆಲುಗಳಿಗೆಂದೇ ಮಾಡಿದ್ದಿದೆ ಅಮ್ಮಾ, ತರುತ್ತೇನೆ, ಎಂದು ಅವನು ಹುರುಪಿನಿಂದ ಹೇಳುತ್ತಿರುವಾಗಲೇ ನಾನು ಫೋನು ಕಸಿದುಕೊಂಡೆ.