ಬ್ಯಾಂಕುಗಳಷ್ಟೇ ಅಲ್ಲ, ರೈಲೂ ಕಾರಣ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾರ್ಲಟ್ ನಗರವನ್ನು ಬೆಳೆಸಿದ್ದು ಬ್ಯಾಂಕುಗಳು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಅದು ಅರ್ಧ ಕತೆ. 1992ರಲ್ಲಿ ಎದ್ದ 60 ಮಹಡಿಯ ಬ್ಯಾಂಕ್ ಆಫ್ ಅಮೆರಿಕಾ ಕಟ್ಟಡ ಇವತ್ತಿಗೂ ಊರಿನ ಅತಿ ಎತ್ತರದ ಕಟ್ಟಡ. ಅದನ್ನು ವಿನ್ಯಾಸ ಮಾಡಿದ ಸೀಸರ್ ಪೆಲ್ಲಿಯೇ ಮಲೇಷ್ಯಾದ ಪೆಟ್ರೊನಾಸ್ ಗೋಪುರಗಳನ್ನೂ ಮಾಡಿದ್ದು. ಇನ್ನು ವಾಕೋವಿಯಾ ಬ್ಯಾಂಕು ತನಗೆಂದೇ 48 ಮಹಡಿ ಕಟ್ಟಿಸಲು ಹೊರಟು, 2008ರಲ್ಲಿ ಮುಳುಗಿತು. ಮನೆ ಕಟ್ಟಿಸಿದವರಿಗೆ ಗೃಹಪ್ರವೇಶವೇ ಆಗಲಿಲ್ಲ!

ನನ್ನ ಪ್ರಕಾರ ಊರಿನ ಚಹರೆ ಬದಲಿಸಿದ್ದು 2007ರಲ್ಲಿ ಶುರುವಾದ ಲಿಂಕ್ಸ್ ಅನ್ನೋ ನಗರ ರೈಲು. ಆ ರೈಲು ಹಾದುಹೋಗುವ ಸೌತ್ ಎಂಡ್ ಬಡಾವಣೆ ಕಡೆ ಹೋಗಿ ನೋಡಿ. ಹಿಂದೆ ಹತ್ತಿ ಗಿರಣಿ, ಗೋದಾಮುಗಳಿದ್ದ ಜಾಗ. ಈಗ ಹಳಿಯ ಎರಡೂ ಬದಿಗೆ ಅಪಾರ್ಟ್‌ಮೆಂಟುಗಳ ಗೋಡೆ. ಎಲ್ಲ ಒಂದೇ ಅಚ್ಚಿನ ಇಡ್ಲಿ ತರ. ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ನಾವು ಊರಾಚೆ ಮನೆ ಮಾಡಿದ್ದು ಸುಮ್ನೆ ಅಲ್ಲ.

ಒಂದು ವಿಷಯ ನೀವು ಬಿಟ್ಟೇಬಿಟ್ಟಿರಿ. ಅಪ್‌ಟೌನ್ ಅಂದರೆ ಊರಿನ ನಡುಭಾಗದ ಸೆಕೆಂಡ್ ವಾರ್ಡ್‌ನಲ್ಲಿ ಬ್ರೂಕ್ಲಿನ್ ಅಂತ ಕಪ್ಪು ಜನರ ಬಡಾವಣೆ ಇತ್ತು. ಚರ್ಚು, ಶಾಲೆ, ಅಂಗಡಿ ಎಲ್ಲ ಇದ್ದ ಜಾಗ. ನಗರ ನವೀಕರಣದ ಹೆಸರಲ್ಲಿ 1960ರ ದಶಕದಲ್ಲಿ ಅದನ್ನು ಕೆಡವಿದರು. ಗಾಜಿನ ಗೋಪುರಗಳ ಫೋಟೊ ಹಾಕುವಾಗ ಈ ಮಾತಿಗೂ ಒಂದು ಸಾಲು ಕೊಡಬಹುದಿತ್ತು, ಅಲ್ವಾ?