ಬಿಚ್ಚೋಕೆ ಬರುವ ಸ್ವೆಟರ್

ಚಿಕ್ಕವಳಿದ್ದಾಗ ಅಮ್ಮ ನನ್ನ ಎರಡೂ ಕೈ ಚಾಚಿಸಿ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಅವಳ ಮಡಿಲಲ್ಲಿ ನನಗೆ ಗಿಡ್ಡವಾದ ಹಳೇ ಸ್ವೆಟರ್ ಸರಸರನೆ ಬಿಚ್ಚಿಕೊಳ್ಳುತ್ತಿತ್ತು. ಅದೇ ದಾರ ನನ್ನ ಕೈಗಳ ಮೇಲೆ ಲಡಿಯಾಗುತ್ತಿತ್ತು. ಜಡೆ ಬಿಚ್ಚಿದ ಕೂದಲಿನ ಹಾಗೆ ಗುಂಗುರು ಗುಂಗುರು. ಮೂಗು ತುರಿಸಿದರೂ ಕೈ ಇಳಿಸುವ ಹಾಗಿಲ್ಲ. ಆಮೇಲೆ ಲಡಿಯನ್ನು ನೀರಲ್ಲಿ ನೆನೆಸಿ, ಕೆಳಗೆ ಏನಾದರೂ ಭಾರ ಕಟ್ಟಿ ನೇತುಹಾಕಿದರೆ, ಒಣಗುವಷ್ಟರಲ್ಲಿ ದಾರ ಹೆಚ್ಚೂಕಮ್ಮಿ ನೆಟ್ಟಗಾಗಿರುತ್ತಿತ್ತು. ಮುಂದಿನ ಚಳಿಗಾಲಕ್ಕೆ ಅದೇ ನನ್ನ ಹೊಸ ಸ್ವೆಟರ್. ಹೊಟ್ಟೆಯ ಹತ್ತಿರ ಬೇರೆ ಬಣ್ಣದ ಒಂದು ಪಟ್ಟಿ ಮಾತ್ರ ಜಾಸ್ತಿ. ನಾನು ಬೆಳೆದ ಲೆಕ್ಕ ಅದು.

ಮೊನ್ನೆ ಈ ವಿದ್ಯೆಯನ್ನು ಅಂಗಡಿಯಿಂದ ತಂದ ಸ್ವೆಟರ್ ಮೇಲೆ ಪ್ರಯೋಗಿಸಿದೆ. ಮೊಣಕೈ ಸವೆದಿತ್ತು, ಉಳಿದದ್ದೆಲ್ಲ ಚೆನ್ನಾಗಿತ್ತು. ಪಕ್ಕದ ಹೊಲಿಗೆ ಬಿಡಿಸಿ ದಾರ ಎಳೆದೆ. ಒಂದು ಮಾರುದ್ದ ಬಂದು ಮುಗಿದೇ ಹೋಯಿತು. ಮುಂದಿನ ಸಾಲು, ಮತ್ತೊಂದು ಮಾರು. ಅರ್ಧ ಗಂಟೆಯಲ್ಲಿ ಮಡಿಲ ತುಂಬ ದಾರದ ತುಂಡುಗಳು! ಹೆಣೆದ ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಿ, ಅಂಚು ಬಿಚ್ಚದ ಹಾಗೆ ಯಂತ್ರದಲ್ಲಿ ಓವರ್‌ಲಾಕ್ ಹೊಲಿಗೆ ಹೊಡೆದಿದ್ದರು. ಹಾಗಾಗಿ ಪ್ರತಿ ಸಾಲೂ ಎರಡೂ ತುದಿಯಲ್ಲಿ ತುಂಡಾಗಿತ್ತು. ಚೀಟಿ ನೋಡಿದರೆ ಅರ್ಧ ಅಕ್ರಿಲಿಕ್, ಮಿಕ್ಕಿದ್ದು ಉಣ್ಣೆ ಮತ್ತು ನೈಲಾನ್. ಒಂದೇ ಎಳೆಯಲ್ಲಿ ಬೆರೆತ ಮೂರನ್ನು ಮನೆಯಲ್ಲಿ ಯಾರು ಬೇರೆ ಮಾಡುತ್ತಾರೆ? ಅಮ್ಮ ನೋಡಿದಳು. “ಇದನ್ನ ಬಿಚ್ಚೋಕೆ ಅಂತ ಹೆಣೆದೇ ಇಲ್ಲ ಕಣೇ” ಅಂದಳು.

ಆ ಮಾತು ತಲೆಯಲ್ಲೇ ಉಳಿಯಿತು. ನನಗೂ ಒಂದು ಸ್ವೆಟರ್ ವಿನ್ಯಾಸ ಮಾಡಬೇಕಿತ್ತು. ಸುಮ್ನೆ ಹಳೇ ಉಡುಪುಗಳ ಚಿತ್ರ ನೋಡುತ್ತಾ ಕೂತೆ.

ಇಂಗ್ಲೆಂಡಿನ ಕರಾವಳಿಯ ಮೀನುಗಾರರು ತೊಡುತ್ತಿದ್ದ ಗಾನ್ಸಿ ಎಂಬ ಸ್ವೆಟರಿಗೆ ಪಕ್ಕದ ಹೊಲಿಗೆಯೇ ಇಲ್ಲ. ಮೈಯನ್ನು ಕೊಳವೆಯ ಹಾಗೆ ಸುತ್ತಲೂ ಹೆಣೆಯುತ್ತಿದ್ದರು. ಕಂಕುಳಲ್ಲಿ ಒಂದು ಚೌಕ ತುಂಡು, ಕೈ ಎತ್ತಿ ಬಲೆ ಎಳೆಯಲು. ನನಗೆ ತುಂಬಾ ಹಿಡಿಸಿದ್ದು ತೋಳು. ಅದನ್ನು ಭುಜದಿಂದ ಶುರು ಮಾಡಿ ಮಣಿಕಟ್ಟಿಗೆ ಮುಗಿಸುತ್ತಿದ್ದರು. ಹೆಣಿಗೆ ಸಲೀಸಾಗಿ ಬಿಚ್ಚುವುದು ಮುಗಿಸಿದ ತುದಿಯಿಂದ ಮಾತ್ರ, ಶುರು ಮಾಡಿದ ತುದಿಯಿಂದ ಎಳೆದರೆ ಕುಣಿಕೆಗಳು ಹಟ ಹಿಡಿಯುತ್ತವೆ. ಮೊದಲು ಸವೆಯುವುದು ಮಣಿಕಟ್ಟು, ಬಿಚ್ಚುವುದೂ ಅಲ್ಲಿಂದಲೇ. ನಾಲ್ಕು ಬೆರಳಷ್ಟು ಬಿಚ್ಚಿ ಮತ್ತೆ ಹೆಣೆದರಾಯಿತು.

ರಾಜರದ್ದೂ ನೋಡಿದೆ. ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್‌ಗೆ 1649ರ ಜನವರಿ 30ರಂದು ಮರಣದಂಡನೆ ಆಯಿತು, ಆಗ ಅವನು ತೊಟ್ಟಿದ್ದ ಎನ್ನಲಾಗುವ ರೇಷ್ಮೆ ಹೆಣಿಗೆಯ ಒಳಅಂಗಿ ಲಂಡನ್ನಿನ ಮ್ಯೂಸಿಯಂ ಒಂದರಲ್ಲಿದೆ. ಚಳಿಗೆ ನಡುಗಿದರೆ ಹೆದರಿದ ಅಂದುಕೊಂಡಾರು ಅಂತ ಆವತ್ತು ಎರಡು ಅಂಗಿ ತೊಟ್ಟನಂತೆ. ನನ್ನ ಕಣ್ಣು ಹೋಗಿದ್ದು ಚಿತ್ತಾರದ ಕಡೆಗೆ. ತಿಳಿ ನೀಲಿಹಸಿರು, ಒಂದೇ ಬಣ್ಣ. ಸೀದಾ ಕುಣಿಕೆಗಳ ನಡುವೆ ಉಲ್ಟಾ ಕುಣಿಕೆ ಹಾಕಿಯೇ ಚಿತ್ತಾರ ಎಬ್ಬಿಸಿದ್ದಾರೆ. ಗಾನ್ಸಿಯ ಮೇಲಿನ ಗೆರೆ, ಏಣಿಯ ಚಿತ್ತಾರಗಳೂ ಹಾಗೇ.

ರಾಜನ ಅಂಗಿಗಿಂತ ಸ್ಕಾಟ್‌ಲೆಂಡಿನ ಶೆಟ್‌ಲೆಂಡ್ ದ್ವೀಪಗಳ ‘ಗನ್ನಿಸ್ಟರ್ ಮನುಷ್ಯ’ ನನಗೆ ಹತ್ತಿರದವನು. 1951ರಲ್ಲಿ ಜೌಗು ಮಣ್ಣಿನಲ್ಲಿ ಸಿಕ್ಕವನು. ಎಲುಬೂ ಸರಿಯಾಗಿ ಉಳಿದಿರಲಿಲ್ಲ, ಉಣ್ಣೆ ಮಾತ್ರ ಸುಮಾರು ಇನ್ನೂರೈವತ್ತು ವರ್ಷ ತಡೆದಿತ್ತು. ಟೋಪಿ, ಕೈಗವಸು, ಕಾಲುಚೀಲ, ಒಂದು ಪುಟ್ಟ ಹೆಣಿಗೆಯ ಚೀಲ. ಬಟ್ಟೆಯಲ್ಲಿ ಅಲ್ಲಲ್ಲಿ ತೇಪೆ. ತೇಪೆ ಕಂಡರೆ ನನಗೆ ಯಾರೋ ದೀಪದ ಹತ್ತಿರ ಕೂತು ಗೊಣಗಿದ್ದೂ ಕೇಳಿಸುತ್ತದೆ.

ಕೊನೆಗೆ ನನ್ನ ಸ್ವೆಟರ್ ಹೀಗಾಯಿತು: ಬರೀ ಉಣ್ಣೆ, ಒಂದೇ ಬಣ್ಣ, ಕತ್ತರಿಯಿಲ್ಲ, ಕುತ್ತಿಗೆಯಿಂದ ಕೆಳಕ್ಕೆ ಸುತ್ತಲೂ ಹೆಣಿಗೆ. ಮುಂದೆ ಹಿಂದೆ ಎರಡೂ ಒಂದೇ ಥರ, ತಿರುಗಿಸಿ ಹಾಕಿಕೊಂಡರೆ ಮೊಣಕೈ ಸವೆತವೂ ಹಂಚಿಹೋಗುತ್ತದೆ. ಒಳಜೇಬಿನಲ್ಲಿ ಉಳಿದ ದಾರದ ಉಂಡೆ.

ತೊಟ್ಟು ಅಮ್ಮನ ಮುಂದೆ ನಿಂತೆ. ಎರಡೂ ಕೈ ಚಾಚು ಅಂದಳು. ಎಡತೋಳು ಒಂದು ಇಂಚು ಉದ್ದ! ನಾನು ಮುಖ ಸಣ್ಣದು ಮಾಡುವ ಮೊದಲೇ ಅವಳು ತುದಿ ಹುಡುಕಿ ಎಳೆಯಲು ಶುರು ಮಾಡಿದ್ದಳು. “ಅಲ್ಲಾಡಬೇಡ” ಅಂದಳು. ಮೂಗು ತುರಿಸತೊಡಗಿತು.